ಈ ವಾರದ ಸಮಸ್ಯೆ: ಹೆಚ್ಚಿದರು, ಹೆಚ್ಚಿದರು, ಹೆಚ್ಚಲಿಲ್ಲ

ಗೆಳೆಯರೇ, ಸಮಸ್ಯೆ ಅಂದರೆ ಕೊನೆಯ ಸಾಲು ನನ್ನದು, ಅದಕ್ಕೆ ಹೊಂದುವ ಉಳಿದ ಪದ್ಯ ನಿಮ್ಮದು. ಈ ಸಾಲು ಸಿಕ್ಕಿದ್ದು ಅಡುಗೆಮನೆಯಲ್ಲಿ. ಈಳಿಗೆ ಮಣೆ ಮುಂದೆ ಕೂತಿದ್ದೆ. ಅಮ್ಮ ಒಳಗಿನಿಂದ, "ಹುರುಳಿಕಾಯಿ ಹೆಚ್ಚು ಹೆಚ್ಚಬೇಡ, ಹೆಚ್ಚಾಗುತ್ತೆ" ಅಂದರು. ಒಂದೇ ಉಸಿರಿಗೆ ಮೂರು 'ಹೆಚ್ಚು'! ಕೈ ಅಲ್ಲೇ ನಿಂತಿತು.

ಆರು ಸಾಲಿನ ಕುಸುಮ ಷಟ್ಪದಿಯಲ್ಲಿ ತುಂಬಿಸಿ. ಅಕ್ಷರ ಹೇಳಲು ಹಿಡಿಯುವ ಹೊತ್ತಿನ ಅಳತೆಯೇ ಮಾತ್ರೆ: ಲಘುವಿಗೆ ಒಂದು, ಗುರುವಿಗೆ ಎರಡು. ಮಾತ್ರೆಗಳ ಗುಂಪೇ ಗಣ. ಚಿಕ್ಕ ಸಾಲಿಗೆ 5 ಮಾತ್ರೆಯ 2 ಗಣ. 3 ಮತ್ತು 6ನೆಯ ಸಾಲಿಗೆ 3 ಗಣ, ಮೇಲೊಂದು ಗುರು. ಎರಡನೆಯ ಅಕ್ಷರದಲ್ಲಿ 'ಚ್ಚ' ಪ್ರಾಸ ಬಿಡಬೇಡಿ. ಕೊನೆಯ ಸಾಲು ಇದು:

ಹೆಚ್ಚಿದರು, ಹೆಚ್ಚಿದರು, ಹೆಚ್ಚಲಿಲ್ಲ

* * *

ಮೇಷ್ಟ್ರೇ, ನನ್ನ ಪೂರಣ. ನಮ್ಮ ಚಿಕ್ಕಪ್ಪನ ಮಗಳ ಮದುವೆಯಲ್ಲಿ ಮೂರನೇ ಪಂಕ್ತಿಗೆ ಪಲ್ಯ ಮುಗಿದೇ ಹೋಗಿತ್ತು. ಅದು ನೆನಪಾಯಿತು.

ಹಚ್ಚಿದೊಲೆ ಬಳಿ ಕುಳಿತು
ಮೆಚ್ಚುಗೆಯ ಭಟ್ಟರೂ
ಕಚ್ಚೆ ಪಂಚೆಯ ನೆಂಟರೂ ಪಲ್ಯವೂ
ಬಿಚ್ಚುತಿರೆ ಬಾಳೆಲೆಯ
ಅಚ್ಚರಿಯ ನೋಡಣ್ಣ
ಹೆಚ್ಚಿದರು, ಹೆಚ್ಚಿದರು, ಹೆಚ್ಚಲಿಲ್ಲ

* * *

ಅಕ್ಕ, ಎಷ್ಟು ಚೆನ್ನಾಗಿದೆ! ಭಟ್ಟರು ತರಕಾರಿ ಹೆಚ್ಚಿದರು, ನೆಂಟರು ಹೆಚ್ಚಿದರು, ಪಲ್ಯ ಮಾತ್ರ ಹೆಚ್ಚಲಿಲ್ಲ. ಮೂವರನ್ನು ಸಾಲಾಗಿ ಕೂರಿಸಿ, ಅದೇ ಸಾಲಿನಲ್ಲಿ ಕ್ರಿಯಾಪದ ಬಡಿಸಿದ್ದೀರಿ. ಇದೇ ಕ್ರಮಾಲಂಕಾರ. ನಾನು ಈ ದಾರಿ ಯೋಚಿಸಿಯೇ ಇರಲಿಲ್ಲ. 'ಮೆಚ್ಚುಗೆಯ ಭಟ್ಟರು' ಅನ್ನೋದು ಪ್ರಾಸಕ್ಕೆ ಬಂದ ಹಾಗಿದೆ, ಅಷ್ಟೇ ಕೊರತೆ. 'ಕಚ್ಚೆ ಪಂಚೆ' ಮಾತ್ರ ಕಣ್ಣಿಗೆ ಕಟ್ಟುತ್ತದೆ.

* * *

ಮೇಷ್ಟ್ರೇ, 'ಕಡಿ'ಯನ್ನೂ ಒಮ್ಮೆ ಕೊಡಿ. ಮರ ಕಡಿಯುತ್ತೇವೆ, ಸೊಳ್ಳೆ ಕಡಿಯುತ್ತದೆ, ಮೈ ಕಡಿಯುತ್ತದೆ. ಯಾರಾದರೂ ಬೀಗಿದರೆ "ನೀನೇನು ಕಡಿದು ಗುಡ್ಡೆ ಹಾಕಿದ್ದು?" ಅಂತೀವಿ. ಅಲ್ಲಿ ಕಡಿಯುವುದು ಮರವನ್ನಲ್ಲ, ಅವನ ಮಾತನ್ನೇ ಅಲ್ವಾ?

'ತೆಗೆ' ಕೂಡ ಹಾಗೇ. ಬಾಗಿಲು ತೆಗೆದರೆ ಒಳಗೆ ಬಾ ಅಂತ. ಕೆಲಸದಿಂದ ತೆಗೆದರೆ ಹೊರಗೆ ಹೋಗು ಅಂತ. "ಅಯ್ಯೋ ತೆಗಿ ಅತ್ಲಾಗೆ" ಅಂದರೆ ಆ ವಿಷಯವೇ ಬೇಡ. ನಮ್ಮಜ್ಜಿ ಇದನ್ನು ಕೈ ಬೀಸಿ ಹೇಳುತ್ತಿದ್ದರು. ಬಳೆ ಸದ್ದಾಗುತ್ತಿತ್ತು. ಎದುರಿನವರು ಸುಮ್ನೆ ಆಗಿಬಿಡುತ್ತಿದ್ದರು.

* * *

ಅಜ್ಜಿಯ ಬಳೆ ಸದ್ದು ಇಲ್ಲಿಗೂ ಕೇಳಿಸಿತು. ಆದರೆ 'ತೆಗೆ' ಶುರುವಾಗುವುದು ಲಘುವಿನಿಂದ. ಆಗ ಆರೂ ಸಾಲು ಲಘುವಿನಿಂದಲೇ ಶುರುವಾಗಬೇಕು, 'ಗ' ಪ್ರಾಸ ಬೇಕು. ಅದಕ್ಕೆ ಬೇರೆ ಸಾಲು ಹೊಸೆಯುತ್ತೇನೆ. 'ಕಡಿ'ಗೂ ಅಷ್ಟೇ. ಅಲ್ಲಿಯವರೆಗೆ ಇದೇ ಷಟ್ಪದಿ, ಇದೇ ಪ್ರಾಸ. ಭಾನುವಾರ ಸಂಜೆವರೆಗೆ ಸಮಯ:

ಕೊಚ್ಚಿದನು, ಕೊಚ್ಚಿದನು, ಕೊಚ್ಚಿ ಹೋದ