ಅಪ್‌ಡೇಟ್: ಸೈನಿಕರ ಮನೆಯವರಿಗೆ ಪ್ರೇಮ ಕಾದಂಬರಿ ತಲುಪಿಸಿದ್ದು

ಅಮೆರಿಕದ ಸೈನಿಕ ಕುಟುಂಬಗಳಿಗೆ ಕ್ರಿಸ್‌ಮಸ್‌ಗೆ ನಲವತ್ತು ಪ್ರೇಮ ಕಾದಂಬರಿ ಉಚಿತವಾಗಿ ಕೊಡಬೇಕು, ಹೇಗೆ ಅಂತ ಕೇಳಿದ್ದೆ. ಎಲ್ಲವೂ ತಲುಪಿದವು!

'ಯಾವುದೇ ಸೈನಿಕರಿಗೆ' ಅಂತ ಬರೆದು ಕಳಿಸಿ ಎಂಬ ಸಲಹೆ ನಡೆಯಲಿಲ್ಲ. 2001ರ ನಂತರ ಅಂಚೆಯವರು ಹೆಸರಿಲ್ಲದ ಪಾರ್ಸಲ್ ತೆಗೆದುಕೊಳ್ಳುವುದಿಲ್ಲವಂತೆ.

ಕೆಲಸ ಮಾಡಿದ್ದು, ಮೊದಲು ಮನೆಯವರನ್ನೇ ಕೇಳಿ ಅಂದವರ ಮಾತು. ಸೇನಾ ನೆಲೆಯ ಕುಟುಂಬ ಗುಂಪಿನ ಮೂಲಕ ಕೇಳಿದೆ. ಮೂವತ್ತು ಪುಸ್ತಕ ಊರಲ್ಲೇ ಇರುವ ಹೆಂಡತಿಯರಿಗೆ, ಗಂಡಂದಿರಿಗೆ ಹೋದವು. ಒಬ್ಬ ತಾಯಿ ಮಗುವನ್ನು ಸೊಂಟದ ಮೇಲೆ ಕೂರಿಸಿಕೊಂಡೇ ಕೊನೆಯ ಪುಟ ತೆರೆದು ನೋಡಿದರು. 'ಸುಖಾಂತ್ಯ ತಾನೇ? ಈ ಸಲ ಅದು ಬೇಕೇ ಬೇಕು' ಅಂದರು. ನನಗೆ ಗಂಟಲು ಕಟ್ಟಿತು.

ಉಳಿದ ಹತ್ತು ವಿದೇಶದಲ್ಲಿರುವವರಿಗೆ. ಎಪಿಒ, ಅಂದರೆ ಸೇನೆಯ ಅಂಚೆ ಕಚೇರಿಯ ವಿಳಾಸಕ್ಕೆ ಅಮೆರಿಕದೊಳಗಿನ ದರವೇ ಸಾಕು, ಇದು ಗೊತ್ತೇ ಇರಲಿಲ್ಲ. ಆದರೆ ಕಸ್ಟಮ್ಸ್ ಫಾರ್ಮ್ ತುಂಬಬೇಕು. ವಿಳಾಸದಲ್ಲಿ ಅವರಿರುವ ದೇಶದ ಹೆಸರನ್ನು ಬರೆಯಲೇಬೇಡಿ, ಪಾರ್ಸಲ್ ಬೇರೆ ದಾರಿ ಹಿಡಿಯಬಹುದು. ಪುಸ್ತಕದ ಅಗ್ಗದ ದರ, ಮೀಡಿಯಾ ಮೇಲ್, ತುಂಬಾ ನಿಧಾನ. ಹಬ್ಬಕ್ಕೆ ಮುಟ್ಟಬೇಕಾದರೆ ನವೆಂಬರ್‌ನಲ್ಲೇ ಹಾಕಿಬಿಡಿ. ನಾನು ಬೇಗ ಹೋಗುವ ಪ್ರಯಾರಿಟಿ ಮೇಲ್‌ನಲ್ಲಿ ಕಳಿಸಿದೆ.