ಸಿನಿಮಾ ನೋಡದೆ ಬರೀ ಅದರ ಸಂಗೀತ ಕೇಳಿ ಅತ್ತವರು ಯಾರಾದ್ರೂ ಇದ್ದೀರಾ?

ಮೇಣದ_ಹಲ್ಲು ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ನಾನು ದಾವಣಗೆರೆಯಲ್ಲಿ ಒಂದು ಡೆಂಟಲ್ ಲ್ಯಾಬಿನಲ್ಲಿ ಕೆಲಸ ಮಾಡುತ್ತೇನೆ. ಡಾಕ್ಟರು ಬಾಯಿಯ ಅಳತೆ ತೆಗೆದು ಕಳಿಸುತ್ತಾರೆ, ನಾವು ಮೇಣದಲ್ಲಿ ಹಲ್ಲು ಜೋಡಿಸಿ ಸೆಟ್ ಮಾಡಿ ಕೊಡುತ್ತೇವೆ. ಕೈಗೂ ಕಣ್ಣಿಗೂ ಬಿಡುವಿಲ್ಲ, ಕಿವಿಗೆ ಮಾತ್ರ ಏನೂ ಕೆಲಸವಿಲ್ಲ. ಹಾಗಾಗಿ ಇಡೀ ದಿನ ಏನಾದರೂ ಕೇಳುತ್ತಲೇ ಇರುತ್ತೇನೆ.

ಹೋದ ವಾರ ನಮ್ಮ ಭಾವ ಒಂದು ಪೆನ್‌ಡ್ರೈವ್ ತುಂಬಾ ಹಳೇ ಆಲ್ಬಮ್‌ಗಳನ್ನು ಹಾಕಿಕೊಟ್ಟರು. ಅದರಲ್ಲಿ ಇಟಲಿಯ ಸಂಗೀತ ನಿರ್ದೇಶಕ ಎನ್ನಿಯೊ ಮೊರಿಕೋನೆಯ 'ಒನ್ಸ್ ಅಪಾನ್ ಎ ಟೈಮ್ ಇನ್ ದ ವೆಸ್ಟ್' ಇತ್ತು. 1968ರದ್ದು. ಕೌಬಾಯ್ ಸಿನಿಮಾ ಅಂದರೆ ಗುಂಡು, ಕುದುರೆ, ಸಿಳ್ಳೆ ಅಂದುಕೊಂಡು ಸುಮ್ನೆ ಹಾಕಿದೆ.

ಮೊದಲನೇ ಟ್ರ್ಯಾಕೇ ಮೆಲ್ಲಗೆ ಶುರುವಾಯಿತು. ಸ್ವಲ್ಪ ಹೊತ್ತಾದ ಮೇಲೆ ಒಬ್ಬ ಹೆಂಗಸಿನ ದನಿ ಬಂತು. ಪದಗಳೇ ಇಲ್ಲ, ಬರೀ 'ಆ'. ನಾನಾಗ ಮೇಲಿನ ಮುಂದಿನ ಹಲ್ಲುಗಳನ್ನು ಕೂರಿಸುತ್ತಿದ್ದೆ. ಆ ದನಿ ಏರುತ್ತಾ ಹೋದ ಹಾಗೆ ಕಣ್ಣು ಮಂಜಾಗಿ ಮೇಣದ ಅಂಚೇ ಕಾಣದಾಯಿತು. ಸ್ಪಿರಿಟ್ ದೀಪ ಆರಿಸಿ ಸುಮ್ಮನೆ ಕೂತುಬಿಟ್ಟೆ. ಪಕ್ಕದ ಟೇಬಲ್ಲಿನ ಹುಡುಗ 'ಏನಣ್ಣ, ಅಕ್ರಿಲಿಕ್ ಪೌಡರ್ ಕಣ್ಣಿಗೆ ಹೋಯ್ತಾ?' ಅಂದ. ಹ್ಞೂಂ ಅಂದೆ.

ನಮ್ಮ ಮನೆಯಲ್ಲಿ ಯಾರೂ ತೀರಿಹೋಗಿಲ್ಲ. ಪ್ರೀತಿ ಗೀತಿ ಏನೂ ಮುರಿದಿಲ್ಲ, ಸಾಲವೂ ಇಲ್ಲ. ಆ ಸಿನಿಮಾ ನೋಡಿಲ್ಲ, ಕಥೆಯೂ ಗೊತ್ತಿಲ್ಲ. ಹಾಗಾದರೆ ನಾನು ಅತ್ತದ್ದು ಯಾವುದಕ್ಕೆ? ಕಥೆ ಗೊತ್ತಿಲ್ಲದ ದುಃಖ ಅನ್ನೋದು ಇರುತ್ತಾ? ಈಗ ಸಿನಿಮಾ ನೋಡಿದರೆ ಇದು ಕೆಟ್ಟುಹೋಗುತ್ತಾ ಅನ್ನೋ ಭಯ ಬೇರೆ.

ಕತ್ತರಿ_ಬೆಂಗಳೂರು:

ಭಯ ಬೇಡ. ನೀವು ಕೇಳಿದ್ದು ತಲೆಕೆಳಗಾದ ಕ್ರಮದಲ್ಲಿ ಅಲ್ಲ, ಸರಿಯಾದ ಕ್ರಮದಲ್ಲೇ.

ನಾನು ಎಡಿಟಿಂಗ್ ಕೆಲಸದವನು. ಸಾಮಾನ್ಯವಾಗಿ ಏನಾಗುತ್ತೆ ಅಂದರೆ, ಚಿತ್ರ ಕತ್ತರಿಸಿ ಜೋಡಿಸಿದ ಮೇಲೆ ಸಂಗೀತದವರಿಗೆ ಕಳಿಸುತ್ತೇವೆ. 'ಇಲ್ಲಿಂದ ಇಲ್ಲಿಗೆ ನಲವತ್ತು ಸೆಕೆಂಡು, ಬಾಗಿಲು ತೆಗೆಯೋ ಹೊತ್ತಿಗೆ ನಿಲ್ಲಿಸಿ' ಅಂತ. ಪಾಪ, ಅವರು ನಮ್ಮ ಅಳತೆಗೆ ಬಟ್ಟೆ ಹೊಲಿಯಬೇಕು. ಈ ಸಿನಿಮಾದಲ್ಲಿ ಉಲ್ಟಾ ಆಯಿತು. ಶೂಟಿಂಗಿಗೆ ಮೊದಲೇ ಮೊರಿಕೋನೆ ಮುಖ್ಯ ಸಂಗೀತವನ್ನೆಲ್ಲ ಬರೆದು ಕೊಟ್ಟಿದ್ದರು. ನಿರ್ದೇಶಕ ಸೆರ್ಜಿಯೊ ಲಿಯೋನೆ ಅದನ್ನು ಸೆಟ್ಟಿನಲ್ಲೇ ಹಾಕಿ, ನಟರಿಗೆ ಕೇಳಿಸಿ, ಅದರ ನಡಿಗೆಗೆ ತಕ್ಕಂತೆ ಕ್ಯಾಮೆರಾ ನಡೆಸಿದರು. ಇವರಿಬ್ಬರೂ ರೋಮ್‌ನಲ್ಲಿ ಪ್ರೈಮರಿ ಶಾಲೆಯಲ್ಲಿ ಒಂದೇ ಕ್ಲಾಸಿನವರು. ಅಷ್ಟು ಸಲಿಗೆ ಇದ್ದರೇ ಇದೆಲ್ಲ ಸಾಧ್ಯ ಅನ್ನಿಸುತ್ತೆ.

ನಿಮ್ಮ ಆ ಟ್ರ್ಯಾಕು ಬರೋ ಜಾಗವನ್ನಷ್ಟೇ ಹೇಳುತ್ತೇನೆ, ಕಥೆ ಹಾಳಾಗಲ್ಲ. ಜಿಲ್ ಅನ್ನೋ ಹೆಂಗಸು (ಕ್ಲೌಡಿಯಾ ಕಾರ್ಡಿನಾಲೆ) ರೈಲಿನಿಂದ ಇಳಿಯುತ್ತಾಳೆ. ಕರೆದುಕೊಂಡು ಹೋಗೋಕೆ ಯಾರೂ ಬಂದಿಲ್ಲ. ಗಡಿಯಾರ ನೋಡುತ್ತಾಳೆ. ಕಾದು ಕಾದು ಸ್ಟೇಷನ್ ಆಫೀಸಿನ ಒಳಗೆ ಹೋಗುತ್ತಾಳೆ. ಕ್ಯಾಮೆರಾ ಹೊರಗೇ ನಿಂತು ಕಿಟಕಿಯಿಂದ ನೋಡುತ್ತೆ. ಅವಳು ಆಚೆ ಬಾಗಿಲಿಂದ ಹೊರಬೀಳುವಾಗ ಕ್ಯಾಮೆರಾ ಗೋಡೆ ಹತ್ತಿ, ಹೆಂಚು ದಾಟಿ ಮೇಲೇರುತ್ತೆ. ಆಚೆ ಕಡೆ ಇನ್ನೂ ಕಟ್ಟುತ್ತಿರುವ ಒಂದು ಇಡೀ ಊರು ಕಾಣುತ್ತೆ. ಆರ್ಕೆಸ್ಟ್ರಾ ಉಕ್ಕೋದೂ ಕ್ರೇನ್ ಏರೋದೂ ಒಟ್ಟಿಗೆ. ಸಂಗೀತವೇ ಕ್ರೇನ್ ಎತ್ತಿದ ಹಾಗಿದೆ. ಅಲ್ಲಿ ಯಾರೂ ಸಾಯಲ್ಲ, ಯಾರೂ ಅಳಲ್ಲ. ಒಬ್ಬಳು ಹೊಸ ಊರಿಗೆ ಬಂದಿದ್ದಾಳೆ, ಅಷ್ಟೇ.

ಅಕಾರ_ಸಾಧನೆ:

ಆ ದನಿ ಎಡ್ಡಾ ಡೆಲ್ಲೊರ್ಸೊ ಅವರದ್ದು. 1935ರಲ್ಲಿ ಜೆನೋವಾದಲ್ಲಿ ಹುಟ್ಟಿದವರು. 'ದ ಗುಡ್, ದ ಬ್ಯಾಡ್ ಅಂಡ್ ದ ಅಗ್ಲಿ'ಯಲ್ಲಿ ಒಬ್ಬ ಸ್ಮಶಾನದ ತುಂಬಾ ಓಡುತ್ತಾನಲ್ಲ, ಅಲ್ಲಿ ಕೇಳೋದೂ ಇವರೇ.

ನಾನು ಮಕ್ಕಳಿಗೆ ಕರ್ನಾಟಕ ಸಂಗೀತ ಹೇಳಿಕೊಡುತ್ತೇನೆ. ಸ-ರಿ-ಗ ಅಂತ ಹಾಡುವಾಗ ಎಲ್ಲರೂ ಜೋರು. ಅದನ್ನೇ ಅಕಾರದಲ್ಲಿ, ಅಂದರೆ ಬರೀ 'ಆ' ಅಂತ ಹಾಡಿ ಅಂದರೆ ಬಣ್ಣ ಬಯಲು! ಅಕ್ಷರದ ಹಿಂದೆ ಬಚ್ಚಿಟ್ಟುಕೊಳ್ಳಬಹುದು. ಅಕಾರದಲ್ಲಿ ಜಾಗವೇ ಇಲ್ಲ. ಎಲ್ಲಿ ಉಸಿರು ತಗೊಂಡ್ರಿ, ಎಲ್ಲಿ ನಡುಗಿದ್ರಿ, ಎಲ್ಲಾ ಹೊರಗೆ. ಎಡ್ಡಾ ಅವರ ದನಿ ಇಡೀ ಹೊತ್ತು ಹಾಗೇ ಬಯಲಲ್ಲಿ ನಿಂತಿರುತ್ತೆ. ಸಾಹಿತ್ಯ ಇದ್ದಿದ್ದರೆ 'ಓ, ಇವಳ ಗಂಡನ ವಿಷಯ' ಅಂತ ದುಃಖಕ್ಕೆ ಒಂದು ವಿಳಾಸ ಸಿಗುತ್ತಿತ್ತು. ಇಲ್ಲಿ ವಿಳಾಸ ಇಲ್ಲ. ಅದಕ್ಕೇ ಅದು ದಾವಣಗೆರೆಗೂ ಬಂತು ಅನ್ನೋದು ನನ್ನ ಲೆಕ್ಕ.

ಇನ್ನೊಂದು ವಿಷಯ. ನನ್ನ ಕಿವಿಗೆ ಇದು ಮೊದಲ ಸಲ ಬೋಳು ಅನ್ನಿಸಿತ್ತು. ಗಮಕ (ಸ್ವರವನ್ನು ತೂಗಿ ಆಡಿಸೋದು) ಇಲ್ಲ, ಸ್ವರ ನೇರ ನಿಲ್ಲುತ್ತೆ. ಆಮೇಲೆ ಕೆಳಗಿನ ಪಿಟೀಲುಗಳನ್ನಷ್ಟೇ ಕೇಳಿದೆ. ಮೇಲೆ ದನಿ ಒಂದು ಸ್ವರ ಹಿಡಿದು ನಿಂತಿರುವಾಗ ಕೆಳಗೆ ಅವು ಸರಿಯುತ್ತವೆ. ನಿಂತ ಸ್ವರವೇ ಬೇರೆ ಬಣ್ಣಕ್ಕೆ ತಿರುಗುತ್ತೆ. ನಮ್ಮಲ್ಲಿ ಶ್ರುತಿ ಅಲುಗಾಡಲ್ಲ, ಸ್ವರ ಓಡಾಡುತ್ತೆ. ಅಲ್ಲಿ ಸ್ವರ ನಿಲ್ಲುತ್ತೆ, ನೆಲ ಓಡಾಡುತ್ತೆ. ಒಮ್ಮೆ ಹೆಡ್‌ಫೋನ್ ಹಾಕಿಕೊಂಡು ದನಿ ಬಿಟ್ಟು ಬರೀ ಕೆಳಗಿನದನ್ನು ಕೇಳಿ ನೋಡಿ. ಹಲ್ಲು ಜೋಡಿಸುವಾಗ ಬೇಡ ಮಾರಾಯ್ರೆ.

ಮಂಡ್ಯದ_ಮೂಗು:

ಎಲ್ಲರೂ ಹೊಗಳಿಯಾಯ್ತು, ಈಗ ನನ್ನ ತಕರಾರು. ಪಿಟೀಲು ಜಾಸ್ತಿ, ಮೇಲೆ ಒಂದು ಸೊಪ್ರಾನೊ, ಅಂದರೆ ಹೆಂಗಸಿನ ಎತ್ತರದ ದನಿ. ಇಷ್ಟಿದ್ದರೆ ಕಲ್ಲೂ ಅಳುತ್ತೆ. ಅದೇನು ದೊಡ್ಡ ವಿಷಯ ಅಲ್ಲ. ಆ ಆಲ್ಬಮ್ಮಿನ ಗಟ್ಟಿ ಕೆಲಸ ಇರೋದು ಮೌತ್ ಆರ್ಗನ್ ಇರೋ ಟ್ರ್ಯಾಕಿನಲ್ಲಿ. ಫ್ರಾಂಕೊ ದೆ ಜೆಮಿನಿ ನುಡಿಸಿದ್ದು. ಅದು ರಾಗ ಅಲ್ಲವೇ ಅಲ್ಲ. ಉಸಿರು ಸಿಕ್ಕದೆ ಒದ್ದಾಡುವವನು ಊದಿದ ಹಾಗೆ ಎರಡು ಮೂರು ಸ್ವರ ಒಂದಕ್ಕೊಂದು ಉಜ್ಜುತ್ತವೆ. ಅದರ ಮೇಲೇ ಕರಕರ ಅನ್ನೋ ಎಲೆಕ್ಟ್ರಿಕ್ ಗಿಟಾರ್ ಬಂದು ಬೀಳುತ್ತೆ. ಒಬ್ಬ ಬೇಟೆಗಾರ, ಒಬ್ಬ ಬೇಟೆ, ಇಬ್ಬರಿಗೂ ಒಂದೇ ಟ್ರ್ಯಾಕು! ಉಸಿರು ಯಾಕೆ ಹಾಗೆ ಅನ್ನೋದು ಸಿನಿಮಾದ ಕೊನೆಯಲ್ಲಿ ಗೊತ್ತಾಗುತ್ತೆ, ನಾನು ಬಾಯಿ ಬಿಡಲ್ಲ.

ಮೇಣದ_ಹಲ್ಲು ಅವರೇ, ನಿಜ ಹೇಳಿ. ಅದನ್ನು ಸ್ಕಿಪ್ ಮಾಡಿದ್ರಿ ತಾನೆ?

ಸಿನಿಮಾದ ಮೊದಲ ಹತ್ತು ನಿಮಿಷದಲ್ಲಂತೂ ಸಂಗೀತವೇ ಇಲ್ಲ. ಸ್ಟೇಷನ್ನಿನಲ್ಲಿ ಮೂವರು ಕಾಯುತ್ತಾರೆ. ಗಾಳಿಯಂತ್ರ ಕಿರ್ರ್ ಅನ್ನುತ್ತೆ. ಒಬ್ಬನ ಟೋಪಿ ಮೇಲೆ ನೀರು ತೊಟ್ಟಿಕ್ಕುತ್ತೆ. ಒಬ್ಬ ನೆಟಿಗೆ ಮುರಿಯುತ್ತಾನೆ. ಇನ್ನೊಬ್ಬನ ಮುಖದ ಮೇಲೆ ನೊಣ. ಫ್ಲಾರೆನ್ಸ್‌ನಲ್ಲಿ ಒಬ್ಬ ಕಲಾವಿದ ಬರೀ ಏಣಿಯ ಕಿರಿಕಿರಿ ಸದ್ದಿನಿಂದಲೇ ಕಛೇರಿ ಮಾಡಿದ್ದನ್ನು ಮೊರಿಕೋನೆ ಕೇಳಿದ್ದರು. ಅದನ್ನು ಲಿಯೋನೆಗೆ ಹೇಳಿದರು. ಅಲ್ಲಿಂದ ಹುಟ್ಟಿದ್ದು ಇದು. ತನ್ನ ಸಂಗೀತವನ್ನೇ ಬಿಟ್ಟುಕೊಡೋ ಸಂಗೀತಗಾರ ಎಷ್ಟು ಜನ ಸಿಗುತ್ತಾರೆ ಹೇಳಿ.

ಅಂದ ಹಾಗೆ, ನಮ್ಮ ರಾಮನಗರದ ಬೆಟ್ಟದಲ್ಲಿ ತೆಗೆದ 'ಶೋಲೆ'ಗೂ ಇದರ ಋಣ ಇದೆ. ಠಾಕೂರನ ಮನೆಯವರನ್ನೆಲ್ಲ ಕೊಲ್ಲೋ ದೃಶ್ಯ ನೆನಪಿದೆಯಾ? ಉಯ್ಯಾಲೆಯ ಕಿರುಗುಟ್ಟುವಿಕೆ? ಈ ಸಿನಿಮಾದಲ್ಲೂ ಒಂದು ಕುಟುಂಬ ಹಾಗೇ ಹೋಗುತ್ತೆ. ಅಲ್ಲಿ ಜೀರುಂಡೆಗಳ ಸದ್ದು ಗಕ್ಕನೆ ನಿಲ್ಲುತ್ತೆ. ಜಯ್ ಕೈಯಲ್ಲಿ ಮೌತ್ ಆರ್ಗನ್ ಇರೋದೂ ಸುಮ್ನೆ ಅಲ್ಲ.

ಮೇಣದ_ಹಲ್ಲು:

ಹೌದು, ಸ್ಕಿಪ್ ಮಾಡಿದ್ದೆ. ಲ್ಯಾಬಿನ ಡ್ರಿಲ್ ಸದ್ದೇ ಸಾಕಾಗಿತ್ತು, ಅದರ ಮೇಲೆ ಇದು ಬೇರೆ ಅನ್ನಿಸಿತ್ತು. ನಿಮ್ಮ ಮಾತು ಓದಿ ನಿನ್ನೆ ರಾತ್ರಿ ಮೊದಲಿಂದ ಕೊನೆವರೆಗೂ ಬಿಡದೆ ಕೇಳಿದೆ. ಒಂದು ಗಮನಿಸಿದೆ. ಆ ಒರಟು ಟ್ರ್ಯಾಕ್ ಕೇಳಿದ ಮೇಲೆ ಎಡ್ಡಾ ಅವರ ದನಿ ಮತ್ತೆ ಬಂದರೆ ಮೊದಲಿನಷ್ಟು ಸಿಹಿ ಇಲ್ಲ. ಆ ಹೆಂಗಸಿಗೆ ಏನೋ ಆಗಲಿದೆ ಅನ್ನೋ ಆತಂಕ ಸೇರಿಕೊಳ್ಳುತ್ತೆ. ಅಳು ಬರಲಿಲ್ಲ. ಆದರೆ ಎದ್ದು ಹೋಗೋಕೂ ಆಗಲಿಲ್ಲ.

ಶಯೆನ್ ಅನ್ನೋನ ವಿದಾಯದ ಟ್ರ್ಯಾಕ್ ಬಗ್ಗೆ ಯಾರೂ ಹೇಳಲಿಲ್ಲ. ಟಕ್ ಟಕ್ ಅಂತ ಕುದುರೆ ಹೆಜ್ಜೆ, ಬ್ಯಾಂಜೊ, ಸಿಳ್ಳೆ. ತಮಾಷೆ ಮಾಡ್ತಾ ಮಾಡ್ತಾ ಹೊರಟುಹೋಗೋ ದೊಡ್ಡಪ್ಪನ ಥರ ಇದೆ. ನನಗೆ ಈಗ ಅದೇ ಜಾಸ್ತಿ ಇಷ್ಟ. ಈ ಭಾನುವಾರ ಸಿನಿಮಾ ನೋಡೋಣ ಅಂತ. ಯಾವುದನ್ನು ನೋಡಲಿ? ಬೇರೆ ಬೇರೆ ಉದ್ದದ್ದು ಇದೆಯಂತೆ.

ಕತ್ತರಿ_ಬೆಂಗಳೂರು:

ಆ ಸಿಳ್ಳೆ ಅಲೆಸ್ಸಾಂಡ್ರೊ ಅಲೆಸ್ಸಾಂಡ್ರೋನಿ ಅವರದ್ದು. ಲಿಯೋನೆಯ ಹಳೇ ಸಿನಿಮಾಗಳಲ್ಲೂ ಅವರದೇ.

165 ನಿಮಿಷದ ಆಸುಪಾಸಿನದ್ದು ಹುಡುಕಿ. ಅಮೆರಿಕದಲ್ಲಿ ಬಿಡುಗಡೆ ಮಾಡುವಾಗ 145 ನಿಮಿಷಕ್ಕೆ ಕತ್ತರಿಸಿದ್ದರು, ಅದು ಬೇಡವೇ ಬೇಡ. ಸಂಗೀತದ ನಡಿಗೆಗೆ ಎಳೆದ ಷಾಟುಗಳನ್ನು ಕತ್ತರಿಸಿದರೆ ಏನು ಉಳಿಯುತ್ತೆ? ಮೊಬೈಲಿನಲ್ಲೂ ನೋಡಬೇಡಿ. ಆ ಕ್ರೇನ್ ಷಾಟು ಅಂಗೈಯಲ್ಲಿ ಹಿಡಿಸಲ್ಲ.

ಮಂಡ್ಯದ_ಮೂಗು:

ಮೊದಲ ಹತ್ತು ನಿಮಿಷ ಏನೂ ಆಗ್ತಿಲ್ಲ ಅಂತ ಫಾರ್ವರ್ಡ್ ಮಾಡಿದ್ರೋ, ನಮಗೆ ಗೊತ್ತಾಗೇ ಆಗುತ್ತೆ. ನೊಣ ಕೊನೆಗೆ ಎಲ್ಲಿ ಸಿಕ್ಕಿಬಿತ್ತು ಅಂತ ಸೋಮವಾರ ಇಲ್ಲೇ ಕೇಳ್ತೀನಿ.