ಮೈಸೂರಿನ ಫಿಲೋಮಿನಾ ಚರ್ಚ್ 1843ರದ್ದೋ, 1936ರದ್ದೋ? ಹೆಸರೇಕೆ ಎರಡು?

ಪ್ರಶ್ನೆ

ಹೋದ ವಾರ ಊರಿನಿಂದ ಬಂದಿದ್ದ ನೆಂಟರನ್ನು ಅಶೋಕ ರಸ್ತೆಯ ಫಿಲೋಮಿನಾ ಚರ್ಚಿಗೆ ಕರೆದುಕೊಂಡು ಹೋಗಿದ್ದೆ. ಕಟ್ಟಡ 1843ರದ್ದು ಎಂದು ಆಟೋದವರು ಹೇಳಿದರು. ನಮ್ಮ ಭಾವನವರು 1936 ಎಂದು ಪಟ್ಟು ಹಿಡಿದರು. ಅದೂ ಅಲ್ಲದೆ, ನಾವು ಚಿಕ್ಕಂದಿನಿಂದ ಫಿಲೋಮಿನಾ ಚರ್ಚ್ ಎಂದೇ ಕರೆಯುತ್ತ ಬಂದಿರುವುದನ್ನು ಕೆಲವರು ಸಂತ ಜೋಸೆಫರ ಪ್ರಧಾನಾಲಯ ಎಂದು ಬರೆಯುತ್ತಾರೆ. ತಿಳಿದವರು ದಯವಿಟ್ಟು ವಿವರಿಸಬೇಕು.

ಉತ್ತರ: ಲಷ್ಕರ್ ಮೊಹಲ್ಲಾದವನು

ಇಬ್ಬರೂ ತಪ್ಪು ಹೇಳಿಲ್ಲ, ಆದರೆ ಇಬ್ಬರೂ ಒಂದೇ ಕಟ್ಟಡದ ಮಾತಾಡುತ್ತಿಲ್ಲ. 1843ರಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರು ಇದೇ ಜಾಗದಲ್ಲಿ ಒಂದು ಚರ್ಚ್ ಕಟ್ಟಿಸಿದ್ದರು. ಆ ಹೊತ್ತಿಗೆ ರಾಜ್ಯದ ಆಡಳಿತ ಬ್ರಿಟಿಷ್ ಕಮಿಷನರರ ಕೈಗೆ ಹೋಗಿ ಹನ್ನೆರಡು ವರ್ಷವಾಗಿತ್ತು ಎಂಬುದನ್ನು ನೆನೆದರೆ ಅರಸರ ಈ ಕೊಡುಗೆ ಇನ್ನಷ್ಟು ಕುತೂಹಲ ಹುಟ್ಟಿಸುತ್ತದೆ. ಆಗಿನ ಶಾಸನದ ಒಕ್ಕಣೆ ನನಗೆ ಬಹಳ ಇಷ್ಟ: ಲೋಕಗಳನ್ನು ಸೃಷ್ಟಿಸಿ, ಕಾಪಾಡಿ, ಆಳುವ ಒಬ್ಬನೇ ದೇವರ ಹೆಸರಿನಲ್ಲಿ ಆರಂಭವಾಗಿ, ಕ್ರಿಸ್ತನು ಮನುಷ್ಯನಾಗಿ ಅವತರಿಸಿದ 1843 ವರ್ಷಗಳ ನಂತರ ಇದನ್ನು ಕಟ್ಟಲಾಯಿತು ಎಂದು ಅದು ಹೇಳುತ್ತದೆ. ನಮ್ಮ ದೇವಸ್ಥಾನದ ಶಾಸನಗಳನ್ನು ಓದಿದವರಿಗೆ ಈ ಧಾಟಿ ಹೊಸದೆನಿಸದು.

ಈಗಿನ ಕಟ್ಟಡದ ಕಥೆ ಶುರುವಾಗುವುದು 1926ರಲ್ಲಿ. ಹುಜೂರ್ ಕಾರ್ಯದರ್ಶಿ, ಅಂದರೆ ಮಹಾರಾಜರ ಕಾರ್ಯದರ್ಶಿಯಾಗಿದ್ದ ಟಿ. ಆರ್. ಎ. ತಂಬುಚೆಟ್ಟಿಯವರು ಪೋಪರ ಪ್ರತಿನಿಧಿ ಪೀಟರ್ ಪಿಸಾನಿ ಅವರಿಂದ ಸಂತ ಫಿಲೋಮಿನಾಳ ಪವಿತ್ರ ಅವಶೇಷವನ್ನು ಪಡೆದು ಫಾದರ್ ಕೋಶೆ ಅವರಿಗೆ ಒಪ್ಪಿಸಿದರು. ಫಾದರ್ ನಾಲ್ವಡಿಯವರ ನೆರವು ಕೋರಿದರು. ಮಹಾರಾಜರು 1933ರ ಅಕ್ಟೋಬರ್ 28ರಂದು ಶಂಕುಸ್ಥಾಪನೆ ಮಾಡಿದರು. 1936 ಎಂಬುದು ಕಟ್ಟಡ ಎದ್ದುನಿಂತ ವರ್ಷ. ಆದ್ದರಿಂದ ನಿಮ್ಮ ಭಾವನವರಿಗೇ ಗೆಲುವು.

ಉತ್ತರ: ಬನ್ನಿಮಂಟಪದ ಓದುಗ

ಹೆಸರಿನ ಬಗ್ಗೆ ನಾನು ಬರೆಯುತ್ತೇನೆ. ಪೂರ್ಣ ಹೆಸರು ಸಂತ ಜೋಸೆಫ್ ಮತ್ತು ಸಂತ ಫಿಲೋಮಿನಾ ಪ್ರಧಾನಾಲಯ. ಮೈಸೂರು ಧರ್ಮಕ್ಷೇತ್ರದ (ಒಬ್ಬ ಬಿಷಪ್ಪರ, ಅಂದರೆ ಧರ್ಮಾಧ್ಯಕ್ಷರ ಆಡಳಿತಕ್ಕೆ ಸೇರಿದ ಪ್ರದೇಶದ) ಪೀಠ ಮೊದಲು ಬೆಂಗಳೂರಿನಲ್ಲಿತ್ತು. 1940ರಲ್ಲಿ ಬೆಂಗಳೂರು ಬೇರೆ ಧರ್ಮಕ್ಷೇತ್ರವಾದ ಮೇಲೆ ಧರ್ಮಾಧ್ಯಕ್ಷರ ಪೀಠವಿರುವ ಚರ್ಚೊಂದು ಮೈಸೂರಿಗೇ ಬೇಕಾಯಿತು; ಅಂಥ ಚರ್ಚನ್ನೇ ಪ್ರಧಾನಾಲಯ ಎನ್ನುವುದು.

ಫಿಲೋಮಿನಾಳ ಹೆಸರೇ ಒಂದು ಒಗಟು. 1802ರಲ್ಲಿ ರೋಮ್‌ನ ಪ್ರಿಸಿಲ್ಲಾ ಭೂಗತ ಸ್ಮಶಾನದಲ್ಲಿ ಸಿಕ್ಕ ಸಮಾಧಿಯೊಂದನ್ನು ಮೂರು ಹೆಂಚುಗಳಿಂದ ಮುಚ್ಚಲಾಗಿತ್ತು. ಅವುಗಳ ಮೇಲೆ ‘ಲುಮೆನಾ’, ‘ಪಾಕ್ಸ್ ತೆ’, ‘ಕುಮ್ ಫಿ’ ಎಂದಿತ್ತು. ಮೊದಲನೆಯದನ್ನು ತೆಗೆದು ಕೊನೆಗಿಟ್ಟರೆ ‘ಪಾಕ್ಸ್ ತೆಕುಮ್ ಫಿಲುಮೆನಾ’, ಅಂದರೆ ‘ಫಿಲುಮೆನಾ, ನಿನಗೆ ಶಾಂತಿ’ ಎಂದಾಗುತ್ತದೆ. ಹೆಂಚುಗಳು ಬೇರೆ ಸಮಾಧಿಯವಾಗಿದ್ದು, ಮರುಬಳಕೆಯಾದ್ದರಿಂದಲೇ ಕ್ರಮ ತಪ್ಪಿವೆ ಎಂದು ವಾದಿಸಿದ ವಿದ್ವಾಂಸರೂ ಇದ್ದಾರೆ. 1961ರಲ್ಲಿ ರೋಮ್ ಅವಳ ಹಬ್ಬವನ್ನು ಪೂಜಾ ಪಂಚಾಂಗಗಳಿಂದ ತೆಗೆಸಿತು. ಮೈಸೂರಿನವರ ಬಾಯಿಂದ ಮಾತ್ರ ಆ ಹೆಸರು ಹೋಗಲಿಲ್ಲ.

ಉತ್ತರ: ಹಳೆ ಕಟ್ಟಡಗಳ ಹುಚ್ಚಿನವಳು

ಒಂದು ಮಾತು ಸೇರಿಸುತ್ತೇನೆ. ಇದನ್ನು ಜರ್ಮನಿಯ ಕೊಲೋನ್ ಪ್ರಧಾನಾಲಯದ ಪ್ರತಿರೂಪ ಎನ್ನುವುದು ರೂಢಿಯಾಗಿಬಿಟ್ಟಿದೆ. ಜೋಡಿ ಗೋಪುರ, ಚೂಪು ಕಮಾನು, ಶಿಲುಬೆಯಾಕಾರದ ತಳವಿನ್ಯಾಸದಲ್ಲಿ ಹೋಲಿಕೆ ಇರುವುದು ನಿಜ. ಆದರೆ ನಮ್ಮ ಗೋಪುರ 175 ಅಡಿ, ಅಲ್ಲಿಯದು 157 ಮೀಟರ್. ಹೆಚ್ಚುಕಡಿಮೆ ಮೂರು ಪಟ್ಟು. ನಕಲು ಎನ್ನುವ ಬದಲು ಅದೇ ಮನೆತನದ್ದು ಎಂದರೆ ಸಾಕು. ಮುಂದಿನ ಸಲ ಗೋಪುರವನ್ನಷ್ಟೇ ನೋಡಿ ಹಿಂದಿರುಗಬೇಡಿ; ಬಲಿಪೀಠದ ಕೆಳಗಿನ ನೆಲಮಾಳಿಗೆಗೂ ಇಳಿಯಿರಿ. ಇಕ್ಕಟ್ಟಾದ ದಾರಿಯಲ್ಲಿ ಒಬ್ಬರ ಹಿಂದೊಬ್ಬರು ಸಾಗಿದರೆ, ಮಲಗಿರುವ ಭಂಗಿಯಲ್ಲಿ ಫಿಲೋಮಿನಾಳ ಪ್ರತಿಮೆ ಕಾಣುತ್ತದೆ. ತಂಬುಚೆಟ್ಟಿಯವರು ತರಿಸಿದ ಅವಶೇಷವನ್ನು ಇಟ್ಟಿರುವುದೂ ಅಲ್ಲಿಯೇ.

ಪ್ರಶ್ನೆ ಕೇಳಿದವರು

ಮೂವರಿಗೂ ಧನ್ಯವಾದಗಳು. ನೆಲಮಾಳಿಗೆ ಇರುವುದೇ ನಮಗೆ ಗೊತ್ತಿರಲಿಲ್ಲ. ಭಾವನವರಿಗೆ ಈ ಪುಟವನ್ನು ತೋರಿಸುವ ಮೊದಲು ಸ್ವಲ್ಪ ಯೋಚಿಸುತ್ತೇನೆ.